ಹಿಂದಿನ ಓಣಿಗೂ ಕೇಳುವ ದನಿ

ಆಕೆ ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಬಂದು ಗಾಜಿಪುರದ ನಮ್ಮ ಓಣಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ತಿರುವಿನಲ್ಲಿ ನಿಂತು ಒಮ್ಮೆ ಕೂಗಿದರೆ ಸಾಕು, ಹಿಂದಿನ ಓಣಿಯವರೂ ಚೀಲ ಹಿಡಿದು ಬರುತ್ತಿದ್ದರು. ಅಂಥ ದನಿ. ಬುಟ್ಟಿ ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಪ್ರತಿ ಸಲವೂ ನಗುತ್ತ ಅನ್ನುವಳು: "ಬಾಯಿದ್ದಾಕಿ ಬರಗಾಲದಾಗೂ ಬದುಕ್ತಾಳ್ರೀ, ಅಕ್ಕಾರ."

ಅವತ್ತು ಅವ್ವ ಹಣ್ಣು ಆರಿಸುತ್ತ, ಮಾವನೇ ಬಲಾತ್ಕಾರ ಮಾಡಿದನೆಂದು ಪೊಲೀಸರಿಗೆ ದೂರು ಕೊಟ್ಟಿದ್ದ ಹುಡುಗಿಯೊಬ್ಬಳ ಮಾತು ತೆಗೆದಳು.

"ಖರೇನ ಆಗಿದ್ರ ಒದರ್ತಿದ್ದಿಲ್ಲೇನು? ಮಗ್ಗಲ ಮನ್ಯಾಗ ಮಂದಿ ಇದ್ರಂತ."

ಹಣ್ಣು ಮಾರುವಾಕೆಯ ಕೈ ಬುಟ್ಟಿಯಲ್ಲೇ ನಿಂತಿತು.

"ನಾನೂ ಒದರಿಲ್ರೀ, ಅಕ್ಕಾರ. ನನಗೂ ಹಂಗ ಆಗ್ಯಾದ. ಅಂವ ನಮ್ಮ ಮಂದಿನೇ. ಬಾಯಿ ತೆರದೆ, ಆದ್ರ ದನಿನೇ ಹೊರಡಲಿಲ್ಲ."

ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಈ ದನಿ ಹೊರಡಲಿಲ್ಲವೇ? ಅವ್ವ ತಡವರಿಸಿದಳು: "ಯಾವಾಗ ಬೇ? ನಮಗ ಗೊತ್ತೇ ಆಗಲಿಲ್ಲಲ್ಲ!"

"ಹೋದ ಶ್ರಾವಣದಾಗ. ಮರುದಿನ ಮುಂಜಾನಿ ಇಲ್ಲೇ ಬಂದಿದ್ದೆ. 'ಏನಬೇ, ಇವತ್ತ ಭಾರಿ ನಗಾಕತ್ತೀ' ಅಂತ ನೀವೇ ಅಂದಿದ್ರಿ."