ನೆಟ್ಟಗಿನ ರೆಕ್ಕೆಯ ನೊಣಗಳು

ಜನ ಕೆಲಸವಿಲ್ಲದಾಗ ನೊಣ ಹೊಡೆಯುತ್ತಾರೆ. ನಮ್ಮ ನೊಣದಕ್ಕ ನೊಣ ಸಾಕಿಯೇ ಇಪ್ಪತ್ತೆರಡು ವರ್ಷ ಮನೆ ನಡೆಸಿದಳು. ಸಂಶೋಧನಾ ಕಟ್ಟಡದ ನೆಲಮಾಳಿಗೆಯಲ್ಲಿ, ಹುಳಿಹಿಟ್ಟಿನ ವಾಸನೆ ಹೊಡೆಯುವ ಕೋಣೆಯಲ್ಲಿ, ಹಣ್ಣುನೊಣಗಳ ಒಂಬೈನೂರು ತಳಿಗಳು ಅವಳ ಕೈಯಲ್ಲಿದ್ದವು. ಹದಿನೈದು ದಿನಕ್ಕೊಮ್ಮೆ ಹಳೆಯ ಗಾಜಿನ ಕೊಳವೆಯಿಂದ ಹೊಸ ಹಿಟ್ಟು ತುಂಬಿದ ಕೊಳವೆಗೆ ದಾಟಿಸಬೇಕು, ಮರೆತರೆ ವಂಶವೇ ನಿರ್ನಾಮ. ಅವಳು ಒಮ್ಮೆಯೂ ಮರೆತವಳಲ್ಲ.

ಅವುಗಳಲ್ಲಿ ಒಂದು ತಳಿಯ ಮೇಲೆ ಅವಳಿಗೆ ಎಲ್ಲಿಲ್ಲದ ಮಮತೆ. ತಲೆ ಇಲ್ಲಿ, ಬಾಲ ಅಲ್ಲಿ ಎಂದು ತಾಯಿನೊಣ ಮೊದಲೇ ಮೊಟ್ಟೆಯೊಳಗೆ ಚೀಟಿ ಬರೆದಿಡುತ್ತದೆ. ಆರ್‌ಎನ್‌ಎ ಎನ್ನುವುದು ಆ ಚೀಟಿಗೇ. ಬರೆದರಷ್ಟೇ ಸಾಲದು, ಚೀಟಿಯನ್ನು ಹಿಡಿದು ಸರಿಯಾದ ತುದಿಗೆ ಒಯ್ದು, ಹೊತ್ತು ಬರುವ ತನಕ ಅದರ ಬಾಯಿ ಮುಚ್ಚಿಸಿಡುವ ಪ್ರೋಟೀನ್‌ಗಳೂ ಬೇಕು. ಈ ತಳಿಯಲ್ಲಿ ಅಂಥ ಒಂದು ಪ್ರೋಟೀನ್ ಕೆಟ್ಟಿತ್ತು. ಅದು ಪೂರ್ತಿ ಇಲ್ಲದ ಹೆಣ್ಣು ನೋಡಲು ಲಕ್ಷಣವಾಗಿಯೇ ಇರುತ್ತದೆ, ರೆಕ್ಕೆಯೂ ನೆಟ್ಟಗೆ. ಆದರೆ ಬಾಲದ ಚೀಟಿ ಎರಡೂ ಕಡೆ ಹರಡಿ, ಅದರ ಮೊಟ್ಟೆಯಲ್ಲಿ ಎರಡು ಬಾಲ, ತಲೆಯೇ ಇಲ್ಲ. ಒಂದೂ ಒಡೆಯುವುದಿಲ್ಲ. ಅಂಥ ಗಂಡಿಗೂ ಸಂತಾನವಿಲ್ಲ. ವಂಶ ಉಳಿಯುವುದು ಆ ಪ್ರೋಟೀನ್ ಅರ್ಧ ಪಾಲಾದರೂ ಸರಿಯಿರುವ, ಗುರುತಿಗೆ ರೆಕ್ಕೆ ಸುರುಟಿರುವ ಅದರ ಅಕ್ಕತಂಗಿಯರಿಂದ.

ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳ ಐದು ವರ್ಷದ ದುಡಿಮೆ ಈ ತಳಿಯ ಮೇಲೆ ನಿಂತಿತ್ತು. ಜಗತ್ತಿನಲ್ಲಿ ಬೇರೆಲ್ಲೂ ಅದು ಇರಲಿಲ್ಲ.

ಇತ್ತ ವರ್ಷದಿಂದ ನೊಣದಕ್ಕನ ಕಣ್ಣು ಮಬ್ಬಾಗುತ್ತಿತ್ತು. ಸೂಜಿಗೆ ದಾರ ಪೋಣಿಸಿಕೊಡುತ್ತಾ ಮಗಳು ಗದರುತ್ತಿದ್ದಳು: "ಅಮ್ಮಾ, ಡಾಕ್ಟ್ರಿಗೆ ತೋರಿಸ್ಕೋ."

"ಸುಮ್ನಿರೇ! ಕಣ್ಣು ಹೋಯ್ತು ಅಂತ ಗೊತ್ತಾದ್ರೆ ನಾಳೆನೇ ಮನೆಗೆ ಕಳಿಸ್ತಾರೆ."

ಹೀಗಿರುವಾಗ ಕೊಳವೆಗಳಿಗೆ ನೊಣದ ಮೈಗಂಟುವ ನುಸಿ ಬಿತ್ತು. ಆಗ ಅಲ್ಲಿಯ ಕ್ರಮ ಕಟ್ಟುನಿಟ್ಟು: ಸೂಕ್ಷ್ಮದರ್ಶಕದ ಕೆಳಗೆ ನೊಣಗಳನ್ನು ಮತ್ತು ಬರಿಸಿ ಮಲಗಿಸಿ, ನುಸಿಯಿಲ್ಲದವನ್ನು ಕುಂಚದಿಂದ ಆರಿಸಿ ಹೊಸ ಕೊಳವೆಗೆ ಹಾಕಬೇಕು, ಮಿಕ್ಕಿದ್ದೆಲ್ಲ ಹಳೆಯ ಕೊಳವೆ ಸಮೇತ ಫ್ರೀಜರಿಗೆ.

"ಅಕ್ಕಾ, ನಾನೂ ಕೂತ್ಕೊಳ್ಲಾ?" ಎಂದಳು ಹುಡುಗಿ, ತನ್ನ ತಳಿಯ ಸರದಿ ಬಂದಾಗ.

"ಹೋಗಮ್ಮಾ! ನೀನು ಮೂಗು ಸುರಿಸ್ಕೊಂಡು ಓಡಾಡ್ತಿದ್ದಾಗಿಂದ ನಾನು ಇದನ್ನೇ ಮಾಡ್ತಿದೀನಿ."

ಹಾಳು ಜಂಬ! ರೆಕ್ಕೆಯ ಸುರುಳಿ ತಿಳಿಯದೆ, ಅವಳ ಕಣ್ಣಿಗೆ ಸುರುಟಿದ ರೆಕ್ಕೆಯವೆಲ್ಲ ನುಸಿ ಮುತ್ತಿದಂತೆ ಮಸುಕಾಗಿ ಕಂಡವು. ನೆಟ್ಟಗಿನ ರೆಕ್ಕೆಯವು ಮಾತ್ರ ಶುಭ್ರವಾಗಿ ಕಂಡವು. ಅವನ್ನೇ ಆರಿಸಿದಳು, ಮಿಕ್ಕವನ್ನು ತಾನೇ ಒಯ್ದು ಫ್ರೀಜರಿನಲ್ಲಿಟ್ಟಳು.

ಆರು ದಿನಕ್ಕೆ ಹಿಟ್ಟಿನಲ್ಲಿ ಮರಿಹುಳು ಆಡಬೇಕಿತ್ತು. ಎಂಟಾದರೂ ಆಡಲಿಲ್ಲ. ಹುಡುಗಿ ಮೊಟ್ಟೆಗಳನ್ನು ತೆಗೆದು ನೋಡಿದಳು, ಆಮೇಲೆ ತಾಯಂದಿರನ್ನು ನೋಡಿದಳು.

"ಎರಡು ಬಾಲ ಅಕ್ಕಾ. ಎಲ್ಲದಕ್ಕೂ. ಸುರುಟಿದ ರೆಕ್ಕೆಯದು ಒಂದೂ ಇಲ್ವಲ್ಲ!"

ನೊಣದಕ್ಕ ಫ್ರೀಜರಿಗೆ ಓಡಿ, ಮಂಜು ಕಟ್ಟಿದ ಕೊಳವೆಗಳನ್ನು ಬಾಚಿ ತಂದು, ಅಂಗೈಯಲ್ಲಿಟ್ಟು ಉಜ್ಜತೊಡಗಿದಳು, ಬಾಯಿಂದ ಬಿಸಿಯುಸಿರು ಊದಿದಳು. ಸತ್ತವು ಎಲ್ಲಾದರೂ ಎದ್ದಾವೆಯೇ? ಅವಳಿಗೂ ಗೊತ್ತಿತ್ತು. ಆದರೂ ಉಜ್ಜಿದಳು.

"ಬಿಡಿ ಅಕ್ಕಾ, ಸತ್ತು ವಾರ ಆಯ್ತು," ಎಂದಳು ಹುಡುಗಿ. ಸೂಕ್ಷ್ಮದರ್ಶಕದ ದೀಪ ಆರಿಸಿ, "ಕಾಣಲ್ಲ ಅಂತ ಒಂದು ಮಾತು ಹೇಳಿದ್ರೆ ನಾನೇ ಆರಿಸ್ತಿದ್ನಲ್ಲ" ಎಂದಳು.

ಹುಡುಗಿ ಅಳುತ್ತಿದ್ದಾಳೇನೋ ಎಂದು ನೊಣದಕ್ಕ ತಲೆಯೆತ್ತಿದಳು. ಎರಡೇ ಮಾರು ದೂರ, ಮುಖ ಕಾಣಲಿಲ್ಲ.