ಡಾಂಬರು ಗುಳಿಗೆ ಮತ್ತು ಅವ್ವನ ತವರು

ಗೆಳೆಯರೇ, ಮೊನ್ನೆ ವಾಡಿಯ ಆಸ್ಪತ್ರೆಯಲ್ಲಿ ನಮ್ಮವ್ವ ಡಾಕ್ಟರ ಜೊತೆ ಜಗಳಕ್ಕೇ ನಿಂತಳು.

ನಾನು ರೈಲ್ವೆಯ ಕಂಬಳಿ ಗೋದಾಮಿನ ಗುಮಾಸ್ತ. ಕಂಬಳಿಗೆ ಹುಳ ಹತ್ತದಂತೆ ಅಲ್ಲಿ ರಾಶಿಗಟ್ಟಲೆ ಡಾಂಬರು ಗುಳಿಗೆ ಹಾಕುತ್ತೇವೆ. ಅದರ ವಾಸನೆ ಅಲ್ಲಿ ಕೆಲಸ ಮಾಡುವ ನಾಲ್ವರ ಮೂಗಿಗೂ ಹೋಗುತ್ತದೆ. ಆದರೆ ಕಣ್ಣು ಹಳದಿಯಾಗಿ, ಮೂತ್ರ ಕೆಂಪಾಗಿ ಮಲಗಿದವನು ನಾನೊಬ್ಬನೇ. ನಮ್ಮ ಸಾಹೇಬರು ಇದನ್ನು ರಜೆಯ ನೆಪವೆಂದೇ ತಿಳಿದಿದ್ದರು.

"ಇವರ ರಕ್ತಕ್ಕ ಆ ಗುಳಿಗಿ ಆಗಿಬರಂಗಿಲ್ಲ. ಇದು ಹುಟ್ಟಿನಿಂದ, ತಾಯಿ ಕಡೆಯಿಂದ ಬರೂದು," ಎಂದರು ಡಾಕ್ಟರು.

"ನನ್ನ ತವರುಮನಿ ರಕ್ತಕ್ಕ ಹೆಸರಿಡಬ್ಯಾಡ್ರಿ!" ಅವ್ವ ಗುಡುಗಿದಳು.

"ನಿಮ್ಮ ಅಣ್ಣತಮ್ಮರಿಗೆ ಯಾರಿಗರ ಹಿಂಗ ಆಗಿತ್ತೇನ್ರಿ?"

ಅವ್ವ ದನಿ ಇಳಿಸಿದಳು. "ಸಣ್ಣ ತಮ್ಮಗ ಆಗಿತ್ರಿ, ಮಲೇರಿಯಾ ಗುಳಿಗಿ ನುಂಗಿದಾಗ. ಭಾಳ ಅಂಜಿದ್ವಿ."

"ಆ ಗುಳಿಗಿನೂ ಇಂಥ ರಕ್ತಕ್ಕ ಆಗಿಬರಂಗಿಲ್ರಿ," ಎಂದು ಡಾಕ್ಟರು ಚೀಟಿ ಬರೆದರು. ಅದನ್ನು ಓದಿದ ಸಾಹೇಬರು ನನ್ನನ್ನು ಪಾರ್ಸೆಲ್ ಆಫೀಸಿಗೆ ಹಾಕಿದರು.

ಮನೆಗೆ ಬಂದ ಅವ್ವ ತನ್ನ ಟ್ರಂಕಿನಲ್ಲಿದ್ದ ಡಾಂಬರು ಗುಳಿಗೆಗಳನ್ನೂ ಹೊರಗೆಸೆದಳು. "ಸೀರಿ ಹುಳ ತಿಂದ್ರ ತಿನ್ಲಿ, ನೀ ಇದ್ರ ಸಾಕು," ಎಂದಳು.

ಎಂದದ್ದೇನೋ ನಿಜ. ಆದರೆ ಆಗಿನಿಂದ ಮೂರು ಸಲ ಟ್ರಂಕು ತೆಗೆದು ಸೀರೆ ನೋಡಿದ್ದಾಳೆ, ನನ್ನ ಕಣ್ಣು ಒಂದೇ ಸಲ.