ಬೀಗದ ಕೈ ಯಾರ ಬಳಿ

ತಾನಾ ನದಿಯ ದಂಡೆಯ ಬುಯಾನಿ ಊರಿನಲ್ಲಿ ಹಿರಿಬಾಯೆ ಎಂಬವನಿದ್ದ. ಮರ ಕೊರೆದು ದೋಣಿ ಮಾಡುವುದು ಅವನ ಕಸುಬು. ರಾಜಧಾನಿಯ ಅಧಿಕಾರವನ್ನು ಕೌಂಟಿಗಳಿಗೆ, ಅಂದರೆ ಜಿಲ್ಲೆಗಳಿಗೆ, ಹಂಚಿದ ಮೇಲೆ ಊರಿಗೊಂದು ಹೆರಿಗೆ ಆಸ್ಪತ್ರೆ ಬಂತು. ಅದರ ಕಾವಲು ಅವನ ಪಾಲಿಗೆ ಬಂತು. ನೀಲಿ ಗೋಡೆ, ಗಾಜಿನ ಕಿಟಕಿ, ಒಳಗೆ ನಾಲ್ಕು ಕಬ್ಬಿಣದ ಮಂಚ. ದಾದಿ ಮಾತ್ರ ಬರಲಿಲ್ಲ. ಬೀಗದ ಕೈ ಎರಡು ದಿನದ ದಾರಿಯ ಕೌಂಟಿ ಕಚೇರಿಯಲ್ಲಿತ್ತು.

ಎರಡನೆಯ ವರ್ಷ ಹಮಾರೊ ಎಂಬ ಚಿಕ್ಕ ವಯಸ್ಸಿನ ಬಸುರಿ ನೋವು ತಿನ್ನುತ್ತ ಬಂದು ಜಗಲಿಯ ಮೇಲೆ ಮಲಗಿದಳು. ಬಾಗಿಲು ತೆಗೆಯೆಂದು ಬೇಡಿದಳು. ಕೈ ತನ್ನ ಬಳಿ ಇಲ್ಲವೆಂದು ಹಿರಿಬಾಯೆ ಹೇಳುತ್ತಲೇ ಇದ್ದ. ಸೂಲಗಿತ್ತಿ ಹಬೋಯಜ್ಜಿ ಬರುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ.

ಅದಾದ ಮೂರನೆಯ ಬೆಳಗ್ಗೆ ಅವನು ಕಿಟಕಿಯ ಗಾಜು ಒರೆಸುತ್ತಿದ್ದ. ಒಳಗಿನ ದಟ್ಟ ಧೂಳಿನಲ್ಲಿ ಬರಿಗಾಲಿನ ಹೆಜ್ಜೆಗಳು ಬಾಗಿಲಿನಿಂದ ಮೊದಲ ಮಂಚದವರೆಗೆ ಹೋಗಿದ್ದವು. ವಾಪಸು ಬಂದ ಗುರುತಿರಲಿಲ್ಲ. ಬೀಗ ತುಕ್ಕು ಹಿಡಿದು ಹಾಗೆಯೇ ತೂಗುತ್ತಿತ್ತು.

ಮರುವರ್ಷ ಮತ್ತೊಬ್ಬ ಬಸುರಿ ಹೆರಿಗೆಗೆಂದು ಪೇಟೆಗೆ ಹೋಗುವ ದಾರಿಯಲ್ಲಿ, ದೋಣಿಯಲ್ಲೇ ತೀರಿಕೊಂಡಳು. ಎರಡನೆಯ ಮಂಚಕ್ಕೂ ಹೆಜ್ಜೆ ಬಿತ್ತು. ಆಮೇಲೆ ಇನ್ನೊಬ್ಬಳು ತೀರಿಕೊಂಡಾಗ ಮೂರನೆಯದಕ್ಕೆ. ಹಿರಿಬಾಯೆ ಇದನ್ನು ಹಬೋಯಜ್ಜಿಯೊಬ್ಬಳಿಗೇ ಹೇಳಿದ.

ಅವಳು, "ನಾಲ್ಕನೇದು?" ಎಂದಳು.

"ಖಾಲಿ ಐತಜ್ಜಿ."

ಆ ಮಳೆಗಾಲಕ್ಕೆ ಮುಂಚೆ ಕೌಂಟಿಯ ಅಧಿಕಾರಿಯೊಬ್ಬ ಊರಿಗೇ ಬಂದು ಸಭೆ ಕರೆದ. ಅಧಿಕಾರ ಇನ್ನೂ ಕೆಳಗಿಳಿದು ಊರಿನ ಕೈಗೇ ಬರಬೇಕೇ ಎಂಬುದು ಪ್ರಶ್ನೆ. ಮುದುಕ ಮೇಷ್ಟ್ರು ಧಾಧೊ ಬೇಡವೆಂದರು. "ದೂರದ ಕಳ್ಳನಾದ್ರೆ ಬೈಬೋದು. ಮನೆ ಅಳಿಯನೇ ಕಳ್ಳ ಆದ್ರೆ ಕೂರ್ಸಿ ಅನ್ನ ಮೀನು ಬಡಿಸ್ಬೇಕು," ಎಂದರು. ಜನ ನಕ್ಕರು.

ಹಿರಿಬಾಯೆ ಎದ್ದ. "ಅಧಿಕಾರ ರಾಜಧಾನಿ ಬಿಟ್ಟಿದ್ದು ನಿಜ ಸಾಹೇಬ್ರೆ. ನಿಮ್ ಕಚೇರಿ ತನ್ಕ ಬಂದು ಸುಸ್ತಾಗಿ ಕೂತ್ಬಿಡ್ತು. ನಮ್ಮೂರು ಇನ್ನೂ ಎರಡು ದಿನದ ದಾರಿ. ಬನ್ನಿ, ಒಂದ್ಸಲ ಒಳಗೆ ಇಣುಕಿ ನೋಡಿ."

ಅಧಿಕಾರಿ ನಗುತ್ತಲೇ ಕಿಟಕಿಯ ಬಳಿ ಹೋದ. ಹಿಂದಿರುಗಿದಾಗ ಮುಖದಲ್ಲಿ ನಗುವಿರಲಿಲ್ಲ. ಚಹಾ ಕುಡಿಯದೆ, ಯಾರ ಕಡೆಗೂ ನೋಡದೆ ದೋಣಿ ಹತ್ತಿದ.

ನದಿ ಉಕ್ಕಿದ ವಾರ ಮೇಷ್ಟ್ರ ಸೊಸೆ ಹದುಲುವಿಗೆ ನೋವು ಶುರುವಾಯಿತು. ದೋಣಿ ಬಿಡುವಂತಿರಲಿಲ್ಲ. ಅವಳನ್ನು ಹೊತ್ತು ಜಗಲಿಗೆ ತಂದಾಗ ಹಿರಿಬಾಯೆ ಗಾಜಿನೊಳಗೆ ನೋಡಿದ. ಹೊಸ ಹೆಜ್ಜೆಗಳು ಬಾಗಿಲಿನಿಂದ ಹೊರಟು ನಾಲ್ಕನೆಯ ಮಂಚದ ಅರ್ಧ ದಾರಿಗೆ ಬಂದಿದ್ದವು. ಅವನು ಮನೆಗೆ ಓಡಿದ. ದೋಣಿ ಕೊರೆಯುವ ಬಾಚಿ ತಂದು ಬೀಗಕ್ಕೆ ಬೀಸಿದ. ಸರ್ಕಾರದ ಬೀಗ ಎಂದು ಯಾರೋ ಗೊಣಗಿದರು. ಮೇಷ್ಟ್ರೇ ಬಾಗಿಲು ತಳ್ಳಿದರು.

ಬಾಗಿಲು ತೆರೆದರೆ ಧೂಳು ನಯವಾಗಿ ಹರಡಿತ್ತು. ಒಂದು ಹೆಜ್ಜೆಯೂ ಇರಲಿಲ್ಲ.

ಹತ್ತಿರದ ಮಂಚಕ್ಕೆ ಹದುಲುವನ್ನು ಇಳಿಸಹೊರಟವರನ್ನು ಹಬೋಯಜ್ಜಿ ತಡೆದಳು. "ಅಲ್ಲಿ ಬ್ಯಾಡ. ಆ ಮೂರೂ ಖಾಲಿ ಇಲ್ಲ." ನಾಲ್ಕನೆಯದರ ಮೇಲೆ ಮಲಗಿಸಿದರು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಅದು ಅಳುವಾಗ ಉಳಿದ ಮಂಚಗಳ ಕಡೆಯಿಂದ ಯಾರೋ ನಿಟ್ಟುಸಿರು ಬಿಟ್ಟಂತೆ ಹಿರಿಬಾಯೆಗೆ ಕೇಳಿಸಿತು. ಅಜ್ಜಿಯೂ ಅತ್ತ ತಿರುಗಿ ನೋಡಿದಳು.

ಬೀಗ ಒಡೆದದ್ದಕ್ಕೆ ಅವನ ಕೆಲಸ ಹೋಯಿತು. ಹೊಸ ಬೀಗ ತಂದವರನ್ನು ಹೆಂಗಸರು ಅಡ್ಡಗಟ್ಟಿ ನಿಂತರು. ಹಗ್ಗಜಗ್ಗಾಟ ಮುಗಿಯುವಷ್ಟರಲ್ಲಿ ಒಬ್ಬ ದಾದಿ ಬಂದಳು, ಬೀಗದ ಒಂದು ಕೈ ಕಚೇರಿಯಲ್ಲೇ ಉಳಿದು ಎರಡನೆಯದು ಊರ ಸಮಿತಿಗೆ ಸಿಕ್ಕಿತು. ಮೇಷ್ಟ್ರೇ ಅಧ್ಯಕ್ಷರು. ಒಮ್ಮೆ ಅದನ್ನು ಜೇಬಿನಲ್ಲಿಟ್ಟುಕೊಂಡು ಪಕ್ಕದೂರಿನ ಮದುವೆಗೆ ಹೋಗಿಬಿಟ್ಟರು, ಆಸ್ಪತ್ರೆಯ ಬಾಗಿಲು ಮುಚ್ಚಿಯೇ ಉಳಿಯಿತು. ಅವರು ಮರಳಿದಾಗ ಹಿರಿಬಾಯೆ, "ಇನ್ನೂ ಒಂಚೂರು ಕೆಳಗಿಳೀಬೇಕು ಮೇಷ್ಟ್ರೇ," ಎಂದ. ಅಂದಿನಿಂದ ಕೈ ಹಬೋಯಜ್ಜಿಯ ಸೊಂಟದಲ್ಲಿದೆ.

ಹಿರಿಬಾಯೆ ದೋಣಿ ಕೊರೆಯಲು ಮರಳಿದ. ಆಸ್ಪತ್ರೆಯ ಮುಂದೆ ಹಾಯುವಾಗ ಟೋಪಿ ತೆಗೆದು ಕೈಯಲ್ಲಿ ಹಿಡಿಯುತ್ತಾನೆ. ಒಳಗೆ ಮಾತ್ರ ಕಾಲಿಡುವುದಿಲ್ಲ.